ಶನಿವಾರದ ಎಣ್ಣೆ

ಆರನೆಯ ಪ್ರಶ್ನೆಯ ಮುಂದೆ ನರಸಿಂಹರಾಜುವಿನ ಪೆನ್ನು ನಿಂತಿತು. ಐದನೆಯದರ ತನಕ ಅದು ಹಾಜರಿ ಪುಸ್ತಕ ತುಂಬುವ ಹಾಗೆ ಸರಾಗವಾಗಿ ಓಡಿತ್ತು. ಹೆಸರು ದೊಡ್ಡಕ್ಕ, ಅದು ಕರೆಯುವ ಹೆಸರಲ್ಲ, ರೇಷನ್ ಕಾರ್ಡಿನಲ್ಲೂ ಅದೇ ಇದೆ. ವಯಸ್ಸು ಅರವತ್ತಾರು. ಊರು ಚನ್ನರಾಯನದುರ್ಗ. ಸಕ್ಕರೆ ಕಾಯಿಲೆ ಇಲ್ಲ. ಹೃದಯದ ತೊಂದರೆ ಇದೆ, ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದೆ, ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಒಂದು ಮಾತ್ರೆ, ಅದನ್ನು ನಿಲ್ಲಿಸದೆಯೇ ಹಲ್ಲು ಕೀಳಬಹುದೆಂದು ಹೃದಯದ ಡಾಕ್ಟರು ಬರೆದುಕೊಟ್ಟ ಚೀಟಿ ಜೊತೆಗಿದೆ. ಆರನೆಯದು ಹೀಗಿತ್ತು: ‘ವೈದ್ಯರು ಕೊಟ್ಟ ಮಾತ್ರೆಗಳಲ್ಲದೆ ನೀವಾಗಿಯೇ ತೆಗೆದುಕೊಳ್ಳುತ್ತಿರುವ ಎಣ್ಣೆ, ಪುಡಿ, ಕಷಾಯ, ಟಾನಿಕ್ ಇದ್ದರೆ ತಿಳಿಸಿ.’ ಪುಡಿಯನ್ನಾಗಲಿ ಕಷಾಯವನ್ನಾಗಲಿ ಮೊದಲಿಗೆ ಹಾಕಬಹುದಿತ್ತು. ಎಣ್ಣೆಯನ್ನೇ ಮೊದಲಿಗಿಟ್ಟದ್ದು ತನ್ನನ್ನು ಹಿಡಿಯಲಿಕ್ಕೇ ಅನ್ನಿಸಿತು.

ಪಕ್ಕದ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು. ಊದಿದ ಕೆನ್ನೆಗೆ ಟವೆಲು ಕಟ್ಟಿ ನೆತ್ತಿಯ ಮೇಲೆ ಗಂಟು ಬಿಗಿದಿದ್ದಳು. ಗಂಟಿನ ಎರಡು ತುದಿಗಳು ಮೊಲದ ಕಿವಿಯ ಹಾಗೆ ನೆಟ್ಟಗೆ ನಿಂತಿದ್ದವು. ದವಡೆಹಲ್ಲು ನೋಯಲು ಶುರುವಾಗಿ ಇದು ಐದನೆಯ ದಿನ. ಮುದ್ದೆ ನುಂಗಲಿಕ್ಕೆ ಹಲ್ಲು ಯಾಕೆ ಬೇಕು ಎಂದು ಮೊದಲೆರಡು ದಿನ ಧೈರ್ಯವಾಗಿದ್ದಳಂತೆ. ಮೂರನೆಯ ದಿನ ಲವಂಗ, ನಾಲ್ಕನೆಯ ದಿನ ಉಪ್ಪುನೀರು, ಐದನೆಯ ದಿನ ತಮ್ಮ. ಮಧುಗಿರಿಯ ಬೀದಿಯ ಮೇಲಂತಸ್ತಿನಲ್ಲಿದ್ದ ಆ ದವಾಖಾನೆಯ ಕಿಟಕಿಯ ತುಂಬ ಏಕಶಿಲೆಯ ಬೆಟ್ಟವೇ ತುಂಬಿಕೊಂಡಿತ್ತು. ಮೂವತ್ತು ವರ್ಷದಿಂದ ಅದರ ಬುಡದಲ್ಲೇ ಓಡಾಡುತ್ತಿರುವ ನರಸಿಂಹರಾಜುವಿಗೆ ಅದು ಇವತ್ತು ಒಂದು ದೊಡ್ಡ ದವಡೆಹಲ್ಲಾಗಿ ಕಂಡಿತು. ಇಂಥ ಹೋಲಿಕೆಗಳು ತನಗೆ ಭಯವಾದಾಗ ಮಾತ್ರ ಹೊಳೆಯುತ್ತವೆ ಎಂಬುದೂ ಅವನಿಗೆ ಗೊತ್ತಿತ್ತು. ‘ಎಲ್ಲಾ ತುಂಬುದ್ರಾ ಸಾರ್?’ ಎಂದು ಮೇಜಿನ ಹಿಂದಿನಿಂದ ಮಂಜಮ್ಮ ಕೂಗಿದಳು. ಚೀಟಿ ಬರೆಯುವುದು, ಹತ್ತಿ ಸುತ್ತುವುದು, ಹೆದರಿದವರ ಕೈ ಹಿಡಿದುಕೊಳ್ಳುವುದು ಎಲ್ಲಾ ಅವಳದೇ ಕೆಲಸ. ‘ಒಂದೂ ಖಾಲಿ ಬುಡಂಗಿಲ್ಲ. ಬುಟ್ರೆ ಮೇಡಂ ನನ್ನ ಬೈತಾರೆ.’ ಅವನು ಆರನೆಯ ಪ್ರಶ್ನೆಯ ಮುಂದೆ ಒಂದು ಗೀಟು ಎಳೆದ. ಇಲ್ಲ ಎಂದೂ ಅಲ್ಲ, ಹೌದು ಎಂದೂ ಅಲ್ಲ. ಇಪ್ಪತ್ತೈದು ವರ್ಷ ಮಕ್ಕಳ ಉತ್ತರಪತ್ರಿಕೆಗಳಲ್ಲಿ ಇಂಥ ಗೀಟುಗಳಿಗೆ ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದ ಕೈಯೇ ಅದನ್ನು ಎಳೆಯಿತು.

ಗೀಟಿನಡಿ ಮುಚ್ಚಿಟ್ಟ ನಿಜ ಇಷ್ಟೆ: ನಾಲ್ಕು ತಿಂಗಳಿಂದ ಅಕ್ಕ ದಿನಾ ಒಂದು ಚಮಚ ಅಗಸೆ ಎಣ್ಣೆ ಕುಡಿಯುತ್ತಿದ್ದಾಳೆ. ತಂದುಕೊಡುತ್ತಿರುವವನು ಅವನೇ. ಶಿರಾದ ಗಾಣದವನಿಂದ, ಬಿಸಿ ಮಾಡದೆ ಹಿಂಡಿದ್ದು, ಬೆಳಕು ತಾಗದಂತೆ ಕಂದು ಬಾಟಲಿಯಲ್ಲಿ ತುಂಬಿದ್ದು. ಶನಿವಾರ ಬೆಳಗಿನ ಶಾಲೆ ಮುಗಿಸಿ ಸ್ಕೂಟರಿನಲ್ಲಿ ಚನ್ನರಾಯನದುರ್ಗಕ್ಕೆ ಹೋಗುವುದು, ಅಂಗೈಯಷ್ಟುದ್ದದ ಬಾಟಲಿಯನ್ನು ಕೊಡುವುದು, ಹೋದ ವಾರದ ಖಾಲಿ ಬಾಟಲಿ ತೊಳೆದು ಬಿಸಿಲಿಗೆ ಕವುಚಿಟ್ಟಿರುವುದನ್ನು ನೋಡಿ ತೃಪ್ತಿಪಟ್ಟುಕೊಳ್ಳುವುದು. ಅಕ್ಕ ಯಾವತ್ತೂ ಬಾಟಲಿಯನ್ನು ಕೈಯಿಂದ ಕೈಗೆ ತೆಗೆದುಕೊಂಡವಳಲ್ಲ. ‘ಅಲ್ಲೇ ಜಗ್ಲಿ ಮ್ಯಾಲಿಡು, ತಗಂತೀನಿ’ ಅನ್ನುವಳು. ಆಮೇಲೆ ಒಳಗೆ ಹೋಗಿ ಅವನಿಗೆ ಉಪ್ಪಿಟ್ಟು ತರುವಳು. ಅವನು ಹೊರಡುವ ತನಕ ಬಾಟಲಿ ಜಗಲಿಯ ಮೇಲೇ ಇರುತ್ತಿತ್ತು, ಒಳಗೆ ಕರೆಯದ ನೆಂಟನ ಹಾಗೆ. ಎಣ್ಣೆಯ ವಾಸನೆ ಅಕ್ಕನಿಗೆ ಹಿಡಿಸಿಲ್ಲ, ಆದರೂ ತಮ್ಮನ ಮಾತಿಗೆ ಕುಡಿಯುತ್ತಿದ್ದಾಳೆ ಎಂದುಕೊಂಡು ಅವನ ಎದೆ ತುಂಬಿಬರುತ್ತಿತ್ತು. ತನ್ನನ್ನು ಎತ್ತಿ ಆಡಿಸಿದ, ಮೂಗು ಒರೆಸಿ ಶಾಲೆಗೆ ಕಳಿಸಿದ ಅಕ್ಕ. ಅವಳಿಗೆ ತಾನು ಇಷ್ಟು ವರ್ಷ ಕೊಟ್ಟದ್ದೇನು? ಗೌರಿ ಹಬ್ಬಕ್ಕೆ ಒಂದು ಸೀರೆ. ಈಗ ಎಣ್ಣೆ ಕೊಡುತ್ತಿದ್ದಾನೆ, ಅದರಲ್ಲಿ ಒಮೆಗಾ ಮೂರು ಇದೆ.

ಒಮೆಗಾ ಮೂರು ಎಂಬ ಮಾತನ್ನು ಅವನು ಮೊದಲು ಉಚ್ಚರಿಸಿದ್ದು ಶಿಕ್ಷಕರ ಕೊಠಡಿಯಲ್ಲಿ. ಫೋನಿನಲ್ಲಿ ಓದಿದ ಒಂದು ಲೇಖನದ ಬಲದಿಂದ ಎದ್ದು ನಿಂತು, ಮೀನು ತಿನ್ನದವರ ಮೀನಿನೆಣ್ಣೆ ಇದು, ಹೃದಯಕ್ಕೆ ಒಳ್ಳೆಯದು, ಕೊಬ್ಬಿಗೆ ಒಳ್ಳೆಯದು, ಕೀಲಿಗೆ, ಚರ್ಮಕ್ಕೆ, ಮಲಬದ್ಧತೆಗೆ ಎಂದು ಹೇಳುತ್ತ ಹೋದಾಗ ಎಲ್ಲರೂ ಟಿಫಿನ್ ಡಬ್ಬಿಯ ಮೇಲಿಂದ ಅವನನ್ನೇ ನೋಡಿದ್ದರು. ಆ ನೋಟ ಅವನಿಗೆ ರುಚಿಸಿತ್ತು. ಗಣಿತದ ಚನ್ನಮಲ್ಲಯ್ಯ ಮಾರನೆಯ ದಿನವೇ ಶುರುಮಾಡಿದ. ಒಂದು ಚಮಚಕ್ಕೆ ಇಷ್ಟು ಲಾಭವಾದರೆ ನಾಲ್ಕು ಚಮಚಕ್ಕೆ ಎಷ್ಟು ಎಂದು ಲೆಕ್ಕ ಹಾಕಿ ನಾಲ್ಕನ್ನೂ ಒಟ್ಟಿಗೆ ಕುಡಿದು ಬಂದು, ಹತ್ತನೆಯ ತರಗತಿಯಲ್ಲಿ ಲಂಬಕೋನ ತ್ರಿಭುಜವನ್ನು ಎರಡೇ ಬಾಹುವಿಗೆ ನಿಲ್ಲಿಸಿ ಹೊರಗೆ ಓಡಿದ. ಅವತ್ತಿನಿಂದ ವರಾಂಡದಲ್ಲಿ ಎದುರಾದಾಗಲೆಲ್ಲ, ‘ಏನ್ರೀ ವಿಜ್ಞಾನ, ಪೈಥಾಗೊರಸ್‌ನ ಅರ್ಧಕ್ಕೇ ಓಡಿಸ್ಬುಟ್ರಲ್ರೀ’ ಅನ್ನುತ್ತಿದ್ದ. ಅದಕ್ಕೆ ನರಸಿಂಹರಾಜು ಕೊಟ್ಟ ಉತ್ತರವೆಂದರೆ ಹೋದ ತಿಂಗಳು ಬಂದ ಅಕ್ಕನ ತಪಾಸಣೆಯ ವರದಿ. ಕೆಟ್ಟ ಕೊಬ್ಬು ಇಳಿದಿತ್ತು, ಬಿಪಿ ಇಳಿದಿತ್ತು, ತೂಕ ಮೂರು ಕೆಜಿ ಇಳಿದಿತ್ತು. ವರದಿಯ ಫೋಟೋ ತೆಗೆದು ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ ‘ಪುರಾವೆ’ ಎಂದು ಒಂದೇ ಪದ ಬರೆದಿದ್ದ. ನಲವತ್ತೇಳು ಜನರ ಗುಂಪು. ಹೆಬ್ಬೆರಳುಗಳು ಬಿದ್ದವು. ಹಲವರು ಗಾಣದವನ ನಂಬರು ಕೇಳಿದರು.

ನಿನ್ನೆ ಸಂಜೆ, ಹಲ್ಲಿನ ಡಾಕ್ಟರ ಬಳಿ ಸಮಯ ಗೊತ್ತು ಮಾಡಿಯಾದ ಮೇಲೆ, ಯಾಕೋ ಏನೋ ಆ ಲೇಖನವನ್ನು ಮತ್ತೆ ತೆರೆದಿದ್ದ. ಬೆರಳು ಜಾರಿ ಕೆಳಕ್ಕೆ ಹೋಯಿತು. ಉಪಯೋಗಗಳ ಪಟ್ಟಿ ಮುಗಿದ ಮೇಲೂ ಲೇಖನ ಇತ್ತು. ನಾಲ್ಕು ತಿಂಗಳಿಂದ ಇತ್ತು. ಅಲ್ಲಿ ಎಚ್ಚರಿಕೆ ಎಂಬ ತಲೆಬರಹದ ಕೆಳಗೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಕುಡಿಯಬಾರದು, ರಕ್ತಸ್ರಾವ ಹೆಚ್ಚಬಹುದು, ಶಸ್ತ್ರಚಿಕಿತ್ಸೆಗೆ ಎರಡು ವಾರ ಮೊದಲೇ ನಿಲ್ಲಿಸುವುದು ಒಳ್ಳೆಯದು ಎಂದಿತ್ತು. ಪ್ರಶ್ನೆಪತ್ರಿಕೆಯನ್ನು ಕೊನೆಯ ಸಾಲಿನ ತನಕ ಓದಿ, ಹಿಂದಿನ ಪುಟ ತಿರುವಿ ನೋಡಿ ಎಂದು ಪ್ರತಿ ಪರೀಕ್ಷೆಯಲ್ಲೂ ಕಿರುಚುವವನು ತಾನೇ. ಲೇಖನಕ್ಕೆ ಹಿಂದಿನ ಪುಟ ಇರುತ್ತದೆಂದು ಅವನಿಗೆ ತೋಚಿರಲಿಲ್ಲ. ಅಕ್ಕನಿಗೆ ಹೇಳಬೇಕೆಂದು ಇವತ್ತು ಮಧ್ಯಾಹ್ನ ರಜೆ ಹಾಕಿ ಚನ್ನರಾಯನದುರ್ಗಕ್ಕೆ ಹೋಗುವ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಅವಳು ಕೆನ್ನೆ ಹಿಡಿದುಕೊಂಡು, ‘ಬಂದ್ಯೇನಪ್ಪಾ ರಾಜಾ, ಬೇಗ ಕೀಳುಸ್ಬುಡು, ತಲೆ ವಳಗೆ ಯಾರೋ ಭತ್ತ ಕುಟ್ದಂಗಾಯ್ತದೆ’ ಅಂದದ್ದೇ ಜೋಡಿಸಿದ ಮಾತೆಲ್ಲ ಬಿಡಿಬಿಡಿಯಾಗಿ ಉದುರಿಹೋಯಿತು. ಹೇಳಿದರೆ ಎರಡು ವಾರ ಈ ನೋವು. ಹೇಳದಿದ್ದರೆ ರಕ್ತ. ಈ ಎರಡರ ಮಧ್ಯೆ, ಇವೆರಡಕ್ಕಿಂತಲೂ ಮೇಲಕ್ಕೆ, ಪುರಾವೆ ಎಂಬ ಒಂದು ಪದ ಹೊಳೆಯುತ್ತ ನಿಂತಿತ್ತು. ಅದು ತನಗೆ ಅಕ್ಕನ ರಕ್ತಕ್ಕಿಂತ ದೊಡ್ಡದಾಗಿ ಕಾಣಿಸಿದ ಆ ಒಂದು ಕ್ಷಣದ ಬಗ್ಗೆ ಯೋಚಿಸಬಾರದೆಂದು ಸ್ಕೂಟರಿನ ವೇಗ ಹೆಚ್ಚಿಸಿದ್ದ.

‘ದೊಡ್ಡಕ್ಕ ಯಾರು? ಬರ್ರೀ ಒಳೀಕೆ,’ ಎಂದಳು ಮಂಜಮ್ಮ.

ಒಳಗೆ ಹಲ್ಲಿನ ಡಾಕ್ಟರು ಎದ್ದು ನಿಂತು ನಮಸ್ಕಾರ ಮಾಡಿದರು. ‘ಸಾರ್! ನೀವಾ? ನಾನು ಅಶ್ವಿನಿ ಸಾರ್, ಹತ್ತನೇ ಬಿ ಸೆಕ್ಷನ್.’ ಅವನಿಗೆ ಹೆಸರು ಬೋರ್ಡಿನಲ್ಲಿ ಓದಿದಾಗ ನೆನಪಾಗಿರಲಿಲ್ಲ, ಮುಖ ನೋಡಿದಾಗ ಆಯಿತು, ನೆನಪಾಗದಿದ್ದರೇ ಚೆನ್ನಾಗಿತ್ತು. ಕಿಟಕಿಯ ಪಕ್ಕದ ಎರಡನೆಯ ಬೆಂಚು, ಎರಡು ಜಡೆ. ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಉತ್ತರ ಬರೆಯುವ ಜಾಗದಲ್ಲಿ ‘ಗೊತ್ತಿಲ್ಲ ಸಾರ್’ ಎಂದು ಅಂದವಾಗಿ ಬರೆದಿದ್ದ ಹುಡುಗಿ. ಬೇರೆಯವರೆಲ್ಲ ತೋಚಿದ್ದನ್ನು ಗೀಚಿ ಪುಟ ತುಂಬಿಸಿದ್ದರು. ಅವನು ಇವಳ ಹಾಳೆಯನ್ನು ಮಾತ್ರ ಎತ್ತಿ ಹಿಡಿದು ಇಡೀ ತರಗತಿಗೆ ಓದಿ ಹೇಳಿದ್ದ, ರಾಗವಾಗಿ, ಎರಡು ಸಲ. ತರಗತಿ ನಕ್ಕಿತ್ತು. ಅವನಿಗೆ ಆವತ್ತು ತಾನು ಬಹಳ ತಮಾಷೆಯ ಮೇಷ್ಟರು ಎನ್ನಿಸಿತ್ತು. ಈಗ ಆ ಹುಡುಗಿ ಬಿಳಿಯ ಕೋಟು ಹಾಕಿಕೊಂಡು, ಅವನು ತುಂಬಿದ ಹಾಳೆಯನ್ನು ಎತ್ತಿ ಹಿಡಿದು ಓದುತ್ತಿದ್ದಳು. ‘ಸಾರ್, ಆರನೇದಕ್ಕೆ ಗೀಟು ಎಳೆದಿದ್ದೀರ,’ ಎಂದು ನಕ್ಕಳು. ‘ಗೀಟಿಗೆ ಮಾರ್ಕ್ಸ್ ಇಲ್ಲ ಅಂತಿದ್ರಿ ನೀವು.’ ಅವನೂ ನಕ್ಕ. ಅವನ ನಗು ಬೇರೆ ಯಾರದೋ ಬಾಯಿಂದ ಬಂದ ಹಾಗೆ ಕೇಳಿಸಿತು.

ಅವಳು ಅಕ್ಕನನ್ನೇ ಕೇಳಿದಳು. ‘ಅಮ್ಮಾ, ಮಾತ್ರೆ ಬಿಟ್ಟು ಬೇರೆ ಏನಾದ್ರೂ ಕುಡೀತಿದ್ದೀರಾ? ಎಣ್ಣೆ, ಕಷಾಯ, ಯಾರಾದ್ರೂ ಹೇಳಿದ್ದು?’

‘ಏನೂ ಇಲ್ಲ ಕಣವ್ವ,’ ಎಂದಳು ದೊಡ್ಡಕ್ಕ. ‘ಬೆಳಿಗ್ಗೆ ಮಾತ್ರೆ, ಮದ್ಯಾನ ಮುದ್ದೆ. ಇನ್ನೇನ್ ಕುಡೀತಾರೆ ವಯಸ್ಸಾದೋರು.’

ಎಷ್ಟು ಸಲೀಸಾಗಿ ಅಂದಳು. ಕಣ್ಣು ಕೂಡ ಮಿಟುಕಿಸಲಿಲ್ಲ. ನರಸಿಂಹರಾಜು ಗೋಡೆಗೆ ಒರಗಿದ. ತಮ್ಮನ ಮರ್ಯಾದೆ ಉಳಿಸಲಿಕ್ಕೆ ಸುಳ್ಳು ಹೇಳುತ್ತಿದ್ದಾಳೆ. ಅವನು ಏಳನೆಯ ತರಗತಿಯಲ್ಲಿ ಪಕ್ಕದ ತೋಟದ ಹುಣಸೆ ಕದ್ದಾಗಲೂ ಹೀಗೇ, ಇದೇ ಮುಖ ಇಟ್ಟುಕೊಂಡು, ‘ನಮ್ ಉಡ್ಗ ಮನೆ ಬುಟ್ಟು ಕದ್ಲಿಲ್ಲ’ ಅಂದಿದ್ದಳು. ಅವನ ಚಡ್ಡಿಯ ಎರಡೂ ಜೇಬಿನಲ್ಲಿ ಹುಣಸೆ ಇತ್ತು. ಅಶ್ವಿನಿ ಚೀಟಿ ಓದಿದಳು, ಬಿಪಿ ನೋಡಿದಳು, ಬಾಯೊಳಗೆ ದೀಪ ಹಾಯಿಸಿ, ‘ಇದನ್ನ ಇಷ್ಟು ದಿನ ಹೆಂಗೆ ತಡ್ಕೊಂಡ್ರಿ ಅಮ್ಮಾ’ ಎಂದಳು. ಮಂಜಮ್ಮ ಟವೆಲಿನ ಗಂಟು ಬಿಚ್ಚಿದಳು. ಅಕ್ಕ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಾಲು ಚಾಚಿದಾಗ, ಬೆಳ್ಳಿಯ ಕಾಲುಂಗುರ ತೊಟ್ಟ ಪಾದದ ಹಿಮ್ಮಡಿ ಒಡೆದು ಧೂಳು ತುಂಬಿಕೊಂಡಿದ್ದುದು ಕಂಡಿತು. ಆ ಹಿಮ್ಮಡಿಯನ್ನು ನೋಡುತ್ತಿದ್ದಂತೆ ಅವನಿಗೆ ಇದ್ದಕ್ಕಿದ್ದ ಹಾಗೆ, ರಕ್ತ ನಿಲ್ಲದೆ ಹೋದರೆ ಅಕ್ಕ ಈ ಹಿಮ್ಮಡಿಯ ಸಮೇತ ಇಲ್ಲವಾಗುತ್ತಾಳೆ ಎಂಬ ಪೂರ್ತಿ ಅವೈಜ್ಞಾನಿಕವಾದ ಒಂದು ಯೋಚನೆ ಬಂತು. ಅಶ್ವಿನಿ ಸೂಜಿಗೆ ಮದ್ದು ತುಂಬಿ ಗುಳ್ಳೆ ಹೊರಹಾಕಲು ಬೆರಳಿನಿಂದ ಒಮ್ಮೆ ತಟ್ಟಿದಳು. ಆ ಸಣ್ಣ ಟಕ್ ಶಬ್ದ ಅವನ ಕಿವಿಯಲ್ಲಿ ಸೀಮೆಸುಣ್ಣ ಮುರಿದ ಹಾಗೆ ಕೇಳಿಸಿತು.

‘ನಿಲ್ಲಿಸಮ್ಮ! ಅವಳು ಎಣ್ಣೆ ಕುಡೀತಾಳೆ,’ ಎಂದ. ದನಿ ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ದನಿಯಾಗಿತ್ತು. ‘ಅಗಸೆ ಎಣ್ಣೆ. ದಿನಾ ಒಂದು ಚಮಚ, ನಾಲ್ಕು ತಿಂಗಳಿಂದ. ನಾನೇ ಕೊಟ್ಟಿದ್ದು. ಡಾಕ್ಟರನ್ನ ಕೇಳಲಿಲ್ಲ. ಅರ್ಧ ಓದಿ ಕೊಟ್ಟೆ.’

ಸೂಜಿ ತಟ್ಟೆಗೆ ವಾಪಸು ಹೋಯಿತು. ಹೊರಗೆ ಬಸ್ಸೊಂದು ಪಾವಗಡ, ಪಾವಗಡ ಎಂದು ಕೂಗಿಸಿಕೊಳ್ಳುತ್ತಿತ್ತು. ಅದನ್ನು ಹತ್ತಿ ಹೋಗಿಬಿಡಬಹುದು ಎಂದು ಅವನಿಗೆ ಅನ್ನಿಸಿತು. ಅಶ್ವಿನಿ ಬಯ್ಯಲಿಲ್ಲ. ಸ್ಟೂಲು ಎಳೆದುಕೊಂಡು ಕೂತಳು. ‘ಹೇಳಿದ್ದು ಒಳ್ಳೇದಾಯ್ತು ಸಾರ್. ಎಷ್ಟೋ ಜನ ಹೇಳೋದೇ ಇಲ್ಲ, ಅದು ಅಡುಗೆಮನೆ ಸಾಮಾನು ಅಲ್ವಾ, ಔಷಧಿ ಅನ್ಸಲ್ಲ ಅವರಿಗೆ. ಅಗಸೆ ಎಣ್ಣೆ ಏನು ವಿಷ ಅಲ್ಲ. ಒಂದು ಚಮಚ, ಬಿಸಿ ಮಾಡ್ದೆ, ಹಳಸಿ ವಾಸನೆ ಬರದೆ ಇದ್ರೆ ಹೆಚ್ಚಿನವರಿಗೆ ಏನೂ ಆಗಲ್ಲ. ಆದ್ರೆ ಅಮ್ಮ ತಗೊಳ್ಳೋ ಮಾತ್ರೆ ರಕ್ತನ ಬೇಗ ಹೆಪ್ಪುಗಟ್ಟೋಕೆ ಬಿಡಲ್ಲ. ಎಣ್ಣೆನೂ ಸ್ವಲ್ಪ ಅದೇ ಕೆಲಸ ಮಾಡಬಹುದು. ಎರಡೂ ಸೇರಿದ್ರೆ ಅಂತ ನಮ್ಮ ಭಯ. ಎರಡು ವಾರ ನಿಲ್ಲಿಸಿ ಬನ್ನಿ ಅಂತೀವಿ.’

‘ಕೊಬ್ಬು ಇಳಿಸುತ್ತಲ್ಲ?’ ಎಂದ ಅವನು, ಮುಳುಗುವವನು ಹಿಡಿದುಕೊಳ್ಳಲು ಏನಾದರೂ ಹುಡುಕುವ ಹಾಗೆ.

‘ಬೀಜದ ಪುಡಿಗೆ ಸ್ವಲ್ಪ ಪುರಾವೆ ಇದೆ ಸಾರ್, ಅದರಲ್ಲಿ ನಾರು ಇರುತ್ತೆ. ಎಣ್ಣೇಲಿ ನಾರಿರಲ್ಲ. ಅದರಲ್ಲಿರೋ ಒಮೆಗಾ ಮೀನಿನ ಒಮೆಗಾ ಥರ ಆಗೋಕೆ ನಮ್ಮ ಮೈಯೊಳಗೆ ಬದಲಾಗಬೇಕು, ಬದಲಾಗೋದು ತೀರಾ ಸ್ವಲ್ಪ.’

ಪುರಾವೆ ಎಂಬ ಪದವನ್ನು ಅವಳ ಬಾಯಲ್ಲಿ ಕೇಳಿ ಅವನ ಕಿವಿ ಬಿಸಿಯಾಯಿತು. ‘ಈಗ್ಲೇ ಕಿತ್ತರೆ? ಎಷ್ಟು ರಕ್ತ ಹೋಗಬಹುದು?’

ಅಶ್ವಿನಿ ಅವನನ್ನು ನೇರವಾಗಿ ನೋಡಿದಳು. ‘ಗೊತ್ತಿಲ್ಲ ಸಾರ್,’ ಎಂದಳು.

ಅವಳಿಗೆ ಆ ಹಾಳೆ ನೆನಪಿದೆಯೋ ಇಲ್ಲವೋ ಅವಳ ಮುಖ ನೋಡಿ ತಿಳಿಯುವ ಹಾಗಿರಲಿಲ್ಲ. ಆದರೆ ಆ ಎರಡು ಪದಗಳು ಕೋಣೆಯ ಮಧ್ಯೆ ಬಂದು ನಿಂತಾಗ, ಇವತ್ತು ಬೆಳಗಿನಿಂದ ತಾನು ಕೇಳಿದ ಮಾತುಗಳಲ್ಲಿ ನೆಟ್ಟಗಿರುವುದು ಇದೊಂದೇ ಎಂದು ನರಸಿಂಹರಾಜುವಿಗೆ ಅನ್ನಿಸಿತು. ಅದಕ್ಕೆ ಹದಿನಾಲ್ಕು ವರ್ಷದ ಹಿಂದೆಯೇ ಪೂರ್ತಿ ಅಂಕ ಕೊಡಬೇಕಿತ್ತು. ಅವನು ಬಾಯಿ ತೆರೆಯುವಷ್ಟರಲ್ಲಿ ಕುರ್ಚಿಯಿಂದ ದನಿ ಬಂತು.

‘ಅಯ್ಯೋ ಸುಮ್ಕಿರ್ಲಾ! ಎಲ್ಡು ವಾರ ಯಾವಳ್ಲಾ ತಡ್ಕಂತಾಳೆ ಇದ್ನ? ಅವ್ವಾ, ನೀನು ಕೀಳು. ನಾನು ಆ ಎಣ್ಣೆ ಕುಡ್ದೇ ಇಲ್ಲ.’

‘ಅಕ್ಕಾ, ಇಲ್ಲಿ ಸುಳ್ಳು ಹೇಳಬಾರದು. ಪ್ರಾಣದ ವಿಷಯ.’

‘ಯಾರ್ಲಾ ಸುಳ್ ಯೋಳಿದ್ದು? ಸನಿವಾರ ತಂದ್ ಎಣ್ಣೆ ಯಾರಾನಾ ಬಾಯಿಗಾಕ್ಕಂತಾರೇನ್ಲಾ?’ ದೊಡ್ಡಕ್ಕ ಕೆನ್ನೆಯನ್ನು ಒತ್ತಿ ಹಿಡಿದುಕೊಂಡೇ ಎದ್ದು ಕೂತಳು. ‘ಸನಿವಾರ ಎಣ್ಣೆ ಕೊಟ್ರೆ ಅದು ಸನಿಮಾತ್ಮನ ದಾನ ಕಣವ್ವ. ಇಸ್ಕಂಡ್ರೆ ಕೊಟ್ಟೋನ ಕಷ್ಟ ನಮ್ಗೆ ಬತ್ತದೆ. ಕೊಟ್ಟೋನ ಕೈಯಿಂದ ಇಸ್ಕಳ್ಳಂಗಿಲ್ಲ, ಹೊಸ್ಲು ದಾಟ್ಸಂಗಿಲ್ಲ. ಮೇಷ್ಟ್ರು, ಇಷ್ಟು ದೊಡ್ಡ ಓದು ಓದವ್ರೆ, ವಾರ ವಾರ ಸರಿಯಾಗಿ ಸನಿವಾರವೇ ತಗಂಬತ್ತಾರೆ!’

ಮಂಜಮ್ಮ ತಟ್ಟೆಯನ್ನು ಕೆಳಗಿಟ್ಟು ಸೆರಗನ್ನು ಬಾಯಿಗೆ ಹಿಡಿದಳು. ‘ಅಯ್ ಸಾರ್,’ ಎಂದಳು, ‘ನಮ್ಮೂರಾಗೆ ಸಣ್ಣ ಮಗೀಗೂ ಗೊತ್ತು.’

ನರಸಿಂಹರಾಜುವಿನ ತಲೆಯಲ್ಲಿ ಹದಿನೇಳು ಶನಿವಾರಗಳು ಸಾಲಾಗಿ ಜಗಲಿಯ ಮೇಲೆ ಕೂತವು. ಅಲ್ಲೇ ಇಡು. ತಗಂತೀನಿ. ವಾಸನೆಯಲ್ಲ, ಪ್ರೀತಿಯ ಸಂಕೋಚವೂ ಅಲ್ಲ. ಶನಿವಾರವಲ್ಲದೆ ಬೇರೆ ದಿನ ಅವನಿಗೆ ಅರ್ಧ ದಿನದ ಶಾಲೆ ಇಲ್ಲ. ವಾರಗಳಿಗೆ ಹೆಸರಿರುವುದು ವೇಳಾಪಟ್ಟಿ ಬರೆಯುವುದಕ್ಕೆ ಎಂದು ತಿಳಿದಿದ್ದ. ‘ಮತ್ತೆ ಬಾಟಲಿ ಖಾಲಿ ಆಗ್ತಿತ್ತಲ್ಲ?’ ಎಂದ, ಕಳ್ಳತನ ಹಿಡಿದವನ ಕೊನೆಯ ಪ್ರಶ್ನೆಯ ಹಾಗೆ.

‘ಬೆಟ್ಟದ ಅನುಮಂತ್ರಾಯನ ದೀಪಕ್ಕೆ ಬುಡ್ತಿದ್ದೆ. ಸನಿ ಎಣ್ಣೆ ಆಯಪ್ಪನ ತಾವ್ಕೋದ್ರೆ ಎಲ್ಲಾ ದೋಸ ಕಳೀತದೆ. ದಿನಾ ಸಂಜೆ ಅತ್ತೋದು, ಒಂದೀಟು ಬುಡೋದು, ಇಳಿಯೋದು.’

‘ನನಗೆ ಹೇಳಬಾರದಾಗಿತ್ತಾ?’

‘ಯೋಳಿದ್ರೆ ನೀನು ಇಜ್ಞಾನ ಯೋಳ್ತಿದ್ದೆ,’ ಎಂದಳು ಅಕ್ಕ. ಆಮೇಲೆ ಡಾಕ್ಟರ ದೀಪದ ಕಡೆ ನೋಡುತ್ತ, ‘ಎಣ್ಣೆ ಬ್ಯಾಡ ಅಂದಿದ್ರೆ ನೀನೂ ಬರ್ತಿರ್ಲಿಲ್ಲ. ಮುಂಚೆ ಗೌರಿ ಹಬ್ಬಕ್ಕೆ ಬತ್ತಿದ್ದೆ,’ ಎಂದಳು.

ಅಶ್ವಿನಿ ಬಾಗಿ, ‘ಅಮ್ಮಾ, ನಿಜ ಹೇಳಿ, ಒಂದು ಚಮಚನೂ ಕುಡಿದಿಲ್ವಾ? ಪಲ್ಯಕ್ಕೆ ಹಾಕಿಲ್ವಾ?’ ಎಂದು ಕೇಳಿದಳು. ‘ಒಂದಿನ ಬೆರಳಿಗೆ ಮುಟ್ಟಿಸ್ಕಂಡು ಮೂಸಿ ನೋಡ್ದೆ ಕಣವ್ವ. ಬಾಗ್ಲಿಗೆ ಬಳಿಯೋ ಬಣ್ಣದಂಗೆ ನಾರ್ತಿತ್ತು. ಇನ್ಯಾಕೆ, ಅನುಮಂತ್ರಾಯನ ಆಣೆಗೂ ಕುಡ್ದಿಲ್ಲ.’ ಅಶ್ವಿನಿ ಹಾಳೆಯನ್ನು ತೆಗೆದುಕೊಂಡು ಆರನೆಯ ಪ್ರಶ್ನೆಯ ಗೀಟನ್ನು ಹೊಡೆದು ಹಾಕಿ ‘ಇಲ್ಲ’ ಎಂದು ಬರೆದಳು; ಬರೆಯುವಾಗ ಅವಳ ಭುಜ ನಗುವಿನಿಂದ ಅಲುಗುತ್ತಿತ್ತು. ಸೂಜಿ ಮತ್ತೆ ಮೇಲಕ್ಕೆದ್ದಿತು. ನರಸಿಂಹರಾಜು ಅಕ್ಕನ ಕೈ ಹಿಡಿದುಕೊಳ್ಳಲು ಹೋದ. ಮಂಜಮ್ಮ ಆಗಲೇ ಹಿಡಿದಿದ್ದಳು. ಅವನು ಹಿಮ್ಮಡಿಯ ಪಕ್ಕದಲ್ಲಿ ನಿಂತುಕೊಂಡ. ಸ್ವಲ್ಪ ಹೊತ್ತಿನ ಮೇಲೆ, ಹಲ್ಲು ತಟ್ಟೆಯ ಮೇಲೆ ಬಿದ್ದು ಠಣ್ ಎಂದಿತು. ಹತ್ತಿಯ ಉಂಡೆ ಹತ್ತು ನಿಮಿಷದಲ್ಲಿ ಕೆಂಪಾಯಿತು, ಬದಲಿಸಿದ್ದು ಗುಲಾಬಿಯಾಯಿತು, ಮೂರನೆಯದು ಹೆಚ್ಚುಕಡಿಮೆ ಬೆಳ್ಳಗೇ ಉಳಿಯಿತು. ಅವನು ಪ್ರತಿಯೊಂದನ್ನೂ ಇಣುಕಿ ನೋಡಿದ, ಪ್ರಯೋಗಾಲಯದಲ್ಲಿ ಲಿಟ್ಮಸ್ ಕಾಗದ ನೋಡುವ ಹುಡುಗನ ಹಾಗೆ. ಹೊಸದೊಂದನ್ನು ಒತ್ತಿಟ್ಟು, ‘ಊರು ತಲುಪೋ ತನಕ ಕಚ್ಚಿಟ್ಕೊಂಡಿರಿ, ಮಾತಾಡಂಗಿಲ್ಲ. ಇವತ್ತು ಬೆಟ್ಟ ಗಿಟ್ಟ ಹತ್ತಂಗಿಲ್ಲ,’ ಎಂದಳು ಅಶ್ವಿನಿ. ಮೆಟ್ಟಿಲಿಳಿಯುವಾಗ ಅವನು ತಿರುಗಿ ನಿಂತು, ‘ಅಶ್ವಿನಿ, ಆವತ್ತು ಟೆಸ್ಟಿನಲ್ಲಿ...’ ಎಂದು ಶುರುಮಾಡಿದ. ‘ಯಾವತ್ತು ಸಾರ್?’ ಎಂದಳು ಅವಳು. ಆದರೆ ಅವಳ ಕಣ್ಣು ನಗುತ್ತಿತ್ತು.

ಚನ್ನರಾಯನದುರ್ಗದ ದಾರಿಯಲ್ಲಿ ಬಿಸಿಲು ಇಳಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ಅಕ್ಕ ಅವನ ಹೆಗಲು ಹಿಡಿದು ಮಾತಿಲ್ಲದೆ ಕೂತಿದ್ದಳು. ಅವಳ ಜೊತೆ ಇಷ್ಟು ದೂರ ಬಯ್ಗುಳವಿಲ್ಲದೆ ಅವನು ಯಾವತ್ತೂ ಪ್ರಯಾಣ ಮಾಡಿರಲಿಲ್ಲ. ಹಗುರವಾಗಿತ್ತು, ಪರೀಕ್ಷೆಯಲ್ಲಿ ನಪಾಸಾಗಿಯೂ ರಜೆ ಸಿಕ್ಕಿದ ಹಾಗೆ. ಹುಣಸೆ ಮರಗಳ ನೆರಳು ರಸ್ತೆಗೆ ಅಡ್ಡ ಬಿದ್ದು ಸ್ಕೂಟರು ಬೆಳಕು, ಕತ್ತಲೆ, ಬೆಳಕು ಎಂದು ಓಡುತ್ತಿದ್ದಾಗ ಅವನಿಗೆ ಥಟ್ಟನೆ ಹೊಳೆಯಿತು. ‘ಅಕ್ಕಾ! ಎಣ್ಣೆ ಕುಡಿದಿಲ್ಲ ಅಂದರೆ ನಿನ್ನ ಕೊಬ್ಬು ಹೆಂಗಿಳೀತು? ಬಿಪಿ? ಮೂರು ಕೆಜಿ?’ ಅಕ್ಕ ಹತ್ತಿಯುಂಡೆ ಕಚ್ಚಿಕೊಂಡಿದ್ದಳು. ಅವನ ಕಿವಿಯ ಪಕ್ಕದಿಂದ ಒಂದು ಕೈ ಮುಂದಕ್ಕೆ ಚಾಚಿತು. ತೋರುಬೆರಳು ಎದುರಿಗೆ ನಿಂತಿದ್ದ ದುರ್ಗದ ಬೆಟ್ಟವನ್ನು ತೋರಿಸಿ, ಆಮೇಲೆ ಗಾಳಿಯಲ್ಲಿ ಒಂದೊಂದೇ ಮೆಟ್ಟಿಲು ಬರೆಯುತ್ತ ಮೇಲಕ್ಕೆ ಹತ್ತಿತು, ಒಂದು, ಎರಡು, ಮೂರು, ಕೈ ನಿಲುಕುವ ತನಕ.

ಬೆಟ್ಟದ ಬುಡದಲ್ಲಿ ಅಕ್ಕ ಅವನ ಬೆನ್ನಿಗೆ ಗುದ್ದಿ ಸ್ಕೂಟರು ನಿಲ್ಲಿಸಿದಳು. ಅಲ್ಲಿ ಒಂದು ಕಲ್ಲಿನ ಸಂದಿಯಿಂದ ಕಂದು ಬಾಟಲಿ ಹೊರತೆಗೆದಳು. ಮನೆಯೊಳಗೆ ಇಡಬಾರದ್ದಕ್ಕೆ ಜಾಗ ಅದು. ಹೋದ ಶನಿವಾರದ್ದು, ತಳದಲ್ಲಿ ಸ್ವಲ್ಪ ಉಳಿದಿತ್ತು. ಅದನ್ನು ಕಲ್ಲಿನ ಮೇಲಿಟ್ಟು, ಅವನನ್ನು ನೋಡಿ, ಮೇಲಕ್ಕೆ ಕೈ ಮಾಡಿದಳು. ಇವತ್ತು ನಿನ್ನ ಪಾಳಿ ಎಂಬಂತೆ. ಅವನು ಹತ್ತಿದ. ಮೂವತ್ತರ ತನಕ ಮೇಷ್ಟರ ಹಾಗೆ, ಅರವತ್ತರ ತನಕ ಗುಮಾಸ್ತನ ಹಾಗೆ, ತೊಂಬತ್ತಕ್ಕೆ ಒಂದು ಬಂಡೆಯನ್ನು ತಬ್ಬಿ ನಿಂತ. ನೂರ ಎಂಬತ್ತೆರಡು ಮೆಟ್ಟಿಲು. ಸ್ಟೆಂಟ್ ಹಾಕಿದ ಹೆಂಗಸು ನಾಲ್ಕು ತಿಂಗಳು, ದಿನಾ, ನಿಂತು ನಿಂತು ಇಷ್ಟನ್ನೂ ಹತ್ತಿದ್ದಳು, ತಮ್ಮ ತಂದ ಶನಿಯನ್ನು ತೀರಿಸಲಿಕ್ಕೆ. ಗುಡಿಯ ಮುಂದೆ ಕೂತಿದ್ದ ಪೂಜಾರಿ ಓಬಳಯ್ಯ ಇವನ ಏದುಸಿರು ಕೇಳಿಯೇ ಎದ್ದ. ‘ದೊಡ್ಡಕ್ಕನ ತಮ್ಮ ಅಲ್ವರಾ? ಬರ್ರೀ, ಕುಂತ್ಕಳ್ರಿ. ಎಣ್ಣೆ ಮೇಷ್ಟ್ರು ನೀವೇನಾ? ಒಂದ್ಮಾತು ಯೋಳ್ತೀನಿ, ಬೇಜಾರ್ ಮಾಡ್ಕಬ್ಯಾಡ್ರಿ. ನಿಮ್ಮೆಣ್ಣೆ ದೀಪಕ್ಕೆ ಅಷ್ಟಕ್ಕಷ್ಟೆ, ಮಸಿ ಜಾಸ್ತಿ. ಅದ್ಕೆ ಮಿಕ್ಕಿದ್ನ ಬಾಗ್ಲಿಗೆ ಸವರ್ದೆ. ನೋಡ್ರಿ ಅಂಗೇ.’

ಇಳಿಬಿಸಿಲಿನಲ್ಲಿ ಗುಡಿಯ ಹಳೆಯ ಬಾಗಿಲು ಜೇನುತುಪ್ಪದ ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ಕಲ್ಲಿನ ಹಣತೆಯ ಸುತ್ತ ಎಣ್ಣೆ ಒಣಗಿ ಹಳದಿ ಗಾಜಿನಂಥ ಪೊರೆ ಕಟ್ಟಿತ್ತು. ಅಗಸೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ, ಆದ್ದರಿಂದಲೇ ಬಣ್ಣದ ಕೆಲಸಕ್ಕೆ ಬಳಸುತ್ತಾರೆ ಎಂದು ಅವನೇ ಪಾಠ ಮಾಡುತ್ತಾನೆ, ವರ್ಷಕ್ಕೊಮ್ಮೆ, ಬೋರ್ಡಿನ ಕಡೆ ತಿರುಗಿ. ಬಾಗಿಲಿನ ಮೇಲೆ ಅಂಗೈ ಇಟ್ಟ. ನುಣುಪಾಗಿತ್ತು. ಉಳಿದ ಎಣ್ಣೆಯನ್ನು ಹಣತೆಗೆ ಬಿಟ್ಟು ಬತ್ತಿ ಹೊತ್ತಿಸಿದ. ಉರಿ ಮೊದಲು ಕಪ್ಪಾಗಿ ಕೆಮ್ಮಿ ಆಮೇಲೆ ನೆಟ್ಟಗಾಯಿತು. ಫೋನು ತೆಗೆದು ಶಿಕ್ಷಕರ ಗುಂಪು ತೆರೆದ. ‘ನನ್ನ ಅಕ್ಕ ಎಣ್ಣೆ ಕುಡಿದೇ ಇರಲಿಲ್ಲ. ದಿನಾ ನೂರ ಎಂಬತ್ತೆರಡು ಮೆಟ್ಟಿಲು ಹತ್ತುತ್ತಿದ್ದಳು. ಪುರಾವೆ ಎಂದು ಬರೆದದ್ದು ತಪ್ಪು. ಬೇರೆ ಮಾತ್ರೆ ತೆಗೆದುಕೊಳ್ಳುವವರು ಈ ಎಣ್ಣೆ ಕುಡಿಯುವ ಮುಂಚೆ ತಮ್ಮ ಡಾಕ್ಟರನ್ನು ಕೇಳಿ. ಉಳಿದದ್ದು ನನಗೆ ಗೊತ್ತಿಲ್ಲ.’ ಕಳಿಸಿದ. ಕೊನೆಯ ಎರಡು ಪದಗಳನ್ನು ಇನ್ನೊಮ್ಮೆ ಓದಿಕೊಂಡ, ರಾಗವಿಲ್ಲದೆ. ಅರ್ಧ ನಿಮಿಷದಲ್ಲಿ ಚನ್ನಮಲ್ಲಯ್ಯನ ಉತ್ತರ ಬಂತು: ‘ಹಂಗಾದ್ರೆ ಕುಡಿದೋನು ನಾನೊಬ್ನೇ ಏನ್ರೀ?’ ಅವನು ಗುಡಿಯ ಮುಂದೆ ಒಬ್ಬನೇ ಎಷ್ಟು ಜೋರಾಗಿ ನಕ್ಕನೆಂದರೆ ಓಬಳಯ್ಯ ಒಂದು ಚೊಂಬು ನೀರು ತಂದು ಕೊಟ್ಟ.

ಇಳಿದು ಬರುವಷ್ಟರಲ್ಲಿ ಅಕ್ಕ ಬಾಯಲ್ಲಿದ್ದ ಹತ್ತಿಯುಂಡೆ ಉಗಿದು, ಬಾಯಿಯ ಒಂದೇ ಬದಿಯಲ್ಲಿ ಮಾತಾಡಲು ಶುರುಮಾಡಿದ್ದಳು. ಕೆನ್ನೆ ಇನ್ನೂ ಜೋಮು ಹಿಡಿದಿತ್ತು. ಮಾತು ಬಿಸಿ ಮುದ್ದೆಯ ಹಿಂದಿನಿಂದ ಬಂದ ಹಾಗೆ ಬರುತ್ತಿತ್ತು. ‘ಅತ್ತಿದ್ಯಾ ಪೂರ್ತಿ?’ ಎಂದಳು. ಹತ್ತಿದೆ ಎಂದ. ‘ಎಲ್ಲಿ ನಿಂತ್ಕಂಡೆ?’ ತೊಂಬತ್ತರಲ್ಲಿ ಎಂದ. ‘ನಾನು ಮೊದ್ಲು ನಲವತ್ತಕ್ಕೇ ನಿಂತ್ಕತಿದ್ದೆ ಕಣ್ಲಾ,’ ಎಂದು ಅವನ ಬೆನ್ನು ಸವರಿದಳು. ಅವನು ಸ್ಕೂಟರಿನ ಮೇಲೆ ಕೂತು ಖಾಲಿ ಬಾಟಲಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ. ಇನ್ನು ಎಣ್ಣೆ ತರುವುದು ಬೇಡ, ಸುಮ್ಮನೆ ಬರುತ್ತೇನೆ, ಇಬ್ಬರೂ ಸೇರಿ ಬೆಟ್ಟ ಹತ್ತೋಣ ಎಂದು ಹೇಳಬೇಕೆಂದುಕೊಂಡ. ಅಷ್ಟರಲ್ಲಿ ಅಕ್ಕ ಮೇಲಕ್ಕೆ ನೋಡಿದಳು. ಗುಡಿಯ ಹತ್ತಿರ ಒಂದು ಚುಕ್ಕಿ ಬೆಳಕು ಕಾಣಿಸುತ್ತಿತ್ತು.

‘ಸನಿವಾರ ಮರೀದೆ ತಗಂಬಾ,’ ಎಂದಳು. ‘ಅಪ್ಪಿತಪ್ಪಿ ಸುಕ್ರವಾರ ತಂದೀಯಾ ಮತ್ತೆ, ಕುಡೀಬೇಕಾಯ್ತದೆ.’